ಹೆರಿಗೆ ವಾರ್ಡಿನಲ್ಲಿ ನಾಯಕರು

ಜಗಳ ಕಂಡರೆ ನನಗಾಗದು. ಇದನ್ನು ನಾನು ಶಾಂತ ಸ್ವಭಾವ ಎಂದುಕೊಂಡು ಬಹಳ ವರ್ಷ ಬದುಕಿದೆ. ನನ್ನ ಹೆಂಡತಿ ಪುಕ್ಕಲುತನ ಎನ್ನುತ್ತಿದ್ದಳು. ಸಿಟಿ ಬಸ್ಸಿನಲ್ಲಿ ಯಾರಾದರೂ ಕಂಡಕ್ಟರನ ಮೇಲೆ ದನಿ ಏರಿಸಿದರೆ ನಾನು ಕಿಟಕಿಯಾಚೆ ಏನೋ ಮುಖ್ಯವಾದದ್ದು ಕಂಡವನಂತೆ ನೋಡುತ್ತಾ ಕೂರುವವನು. ಅಂಥವನನ್ನು ಹಿಡಿದು ಹನ್ನೊಂದು ಜನರ ಮೇಲೆ ಟೀಮ್ ಲೀಡರ್ ಮಾಡಿದ್ದರು. ತಪ್ಪು ನಮ್ಮ ಯಜಮಾನರದ್ದು ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಸಂಬಳ ಹೆಚ್ಚಾಗುತ್ತದೆ ಎಂದಾಗ ತಲೆಯಾಡಿಸಿದವನು ನಾನೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಂಪನಿ ಎಂದರೆ ವಿಜಯನಗರದ ಕೊನೆಯ ಸಾಲಿನಲ್ಲಿದ್ದ ಒಂದು ಮನೆಯ ಮಹಡಿ. ಅದರಾಚೆಗೆ ಖಾಲಿ ಸೈಟುಗಳು, ಕಲ್ಲುಕಂಬಗಳು, ಗಾಳಿ. ಕೆಳಗೆ ಮನೆಯ ಓನರ್ ಸಂಸಾರ. ಮೇಲೆ ಹಾಲಿನಲ್ಲಿ ಎಂಟು ಕಂಪ್ಯೂಟರ್, ಮಲಗುವ ಕೋಣೆಯಲ್ಲಿ ಯಜಮಾನರು, ಅಡುಗೆಮನೆಯ ಕಟ್ಟೆಯ ಮೇಲೆ ಸರ್ವರ್ ಮತ್ತು ಕಾಫಿ ಫ್ಲಾಸ್ಕು ಅಕ್ಕಪಕ್ಕ. ಯಜಮಾನರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಅವರಿಗಿದ್ದ ಒಂದೇ ಪಕ್ಷ ಎಂದರೆ ಹಿಡಿದ ಕೆಲಸವನ್ನು ಹೇಳಿದ ದಿನ ಮುಗಿಸುವುದು. ಆ ವರ್ಷ ನಾವು ಹಿಡಿದಿದ್ದ ಕೆಲಸ ಊರೊಳಗಿನ ಒಂದು ಟ್ರಸ್ಟ್ ಆಸ್ಪತ್ರೆಗೆ ಪ್ರೋಗ್ರಾಂ ಬರೆಯುವುದು. ರೋಗಿಯ ಹೆಸರು ಬರೆದುಕೊಳ್ಳುವುದರಿಂದ ಹಿಡಿದು ಯಾವ ವಾರ್ಡು, ಯಾವ ಮಂಚ, ಯಾವ ಡಾಕ್ಟರು ಎಂಬುದರವರೆಗೆ ಎಲ್ಲವೂ ಕಂಪ್ಯೂಟರಿನಲ್ಲಿ ಆಗಬೇಕು. ಬೇರೆ ದೊಡ್ಡ ಕೆಲಸ ನಮ್ಮ ಕೈಯಲ್ಲಿರಲಿಲ್ಲ. ಇದು ಕೈತಪ್ಪಿದರೆ ಮಹಡಿಗೆ ಬೀಗ ಎಂದು ಎಲ್ಲರಿಗೂ ಗೊತ್ತಿತ್ತು.

ಕೆಲಸದ ಭಾರ ಹೊತ್ತವರು ಇಬ್ಬರು. ಪ್ರೋಗ್ರಾಂ ಬರೆಯುತ್ತಿದ್ದವನು ಅಗ್ರಹಾರದವನು. ಮಠದ ಜೊತೆ ಅಜ್ಜನ ಕಾಲದಿಂದ ಒಡನಾಟವಿದ್ದ ಮನೆ, ತಂದೆಗೆ ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿ. ಹಣೆಯಲ್ಲಿ ತೆಳ್ಳನೆ ವಿಭೂತಿ, ಬಾಯಲ್ಲಿ ಸದಾ ಒಂದು ವಾದ. ಅವನು ಬರೆದದ್ದನ್ನು ಪರೀಕ್ಷಿಸಿ ತಪ್ಪು ಹುಡುಕುತ್ತಿದ್ದವಳು ಮಂಡಕಳ್ಳಿ ಕಡೆಯ ಒಕ್ಕಲು ಮನೆಯ ಸೊಸೆ. ಗಂಡ ಹೈಸ್ಕೂಲು ಮೇಷ್ಟ್ರು, ಐದು ವರ್ಷದ ಮಗ. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಬಂದು ಕೂತಳೆಂದರೆ ಅವನ ಪ್ರೋಗ್ರಾಮಿನಲ್ಲಿ ಹುಳ ಹುಡುಕದೆ ಏಳುತ್ತಿರಲಿಲ್ಲ. ಇಬ್ಬರೂ ಕೆಲಸದಲ್ಲಿ ನನಗಿಂತ ಎರಡು ಕೈ ಮೇಲು. ಹೊಟ್ಟೆಕಿಚ್ಚಿಲ್ಲದೆ ಈಗ ಇದನ್ನು ಹೇಳಬಲ್ಲೆ.

ಆ ವರ್ಷ ಲೋಕಸಭೆ, ವಿಧಾನಸಭೆ ಎರಡರ ಚುನಾವಣೆಯೂ ಒಟ್ಟಿಗೇ ಬಂತು. ಅಗ್ರಹಾರದವನು ಒಂದು ಪಕ್ಷ, ಮಂಡಕಳ್ಳಿಯವಳು ಇನ್ನೊಂದು. ನಾನು? ನಮ್ಮ ತಂದೆಯ ಕಾಲದಿಂದ ನಮ್ಮ ಮನೆಯ ಓಟು ಅಗ್ರಹಾರದವನ ಪಕ್ಷಕ್ಕೇ. ಆದರೆ ಇದನ್ನು ಆಫೀಸಿನಲ್ಲಿ ಒಬ್ಬರಿಗೂ ತಿಳಿಯದಂತೆ ಕಾಪಾಡಿಕೊಂಡಿದ್ದೆ. ಲೀಡರ್ ಆದವನು ತಕ್ಕಡಿಯ ಮುಳ್ಳಿನಂತಿರಬೇಕು ಎಂಬುದು ನನ್ನ ಸಿದ್ಧಾಂತ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಟೆರೇಸಿನ ಶೀಟಿನ ಕೆಳಗೆ ಡಬ್ಬಿ ಬಿಚ್ಚುತ್ತಿದ್ದೆವು. ಒಬ್ಬರ ಪಲ್ಯ ಇನ್ನೊಬ್ಬರ ಮುಚ್ಚಳಕ್ಕೆ. ಆ ಊಟದ ಜೊತೆಗೇ ಚುನಾವಣೆಯೂ ನಡೆಯುತ್ತಿತ್ತು. ಮಂಡಕಳ್ಳಿಯ ಹಳೆಯ ವಿಮಾನದ ಬಯಲನ್ನು ದೊಡ್ಡದು ಮಾಡುತ್ತಾರೆ, ಸುತ್ತಲ ಜಮೀನು ಹೋಗುತ್ತದೆ ಎಂಬ ಮಾತು ಆಗಾಗ ಏಳುತ್ತಿತ್ತು. ಅವಳ ಮಾವನ ಹೊಲ ಆ ಬಯಲಿಗೆ ಅಂಟಿಕೊಂಡೇ ಇತ್ತು.

"ಏರ್‌ಪೋರ್ಟ್ ಬಂದ್ರೆ ನಮ್ಮಂಥ ಕಂಪನಿ ನೂರು ಬರ್ತವೆ ಕಣ್ರೀ. ಊರು ಉದ್ಧಾರ ಆಗೋದು ಬೇಡ್ವಾ?" ಎನ್ನುತ್ತಿದ್ದ ಅವನು.

"ಆಗ್ಲಿ ಬುಡಿ. ನಿಮ್ಮ ಅಗ್ರಹಾರ ಕೆಡವಿ ಮಾಡ್ಕಳಿ. ಉದ್ಧಾರ ಅಂದ್ರೆ ನಮ್ಮ ಮಾವನ ಹೊಲನೇ ಯಾಕೆ ಕಾಣ್ತದೆ ನಿಮ್ಗೆ?"

"ನಮ್ಮ ಬೀದೀಲಿ ಸೈಕಲ್ಲೇ ತಿರುಗಲ್ಲ, ವಿಮಾನ ಎಲ್ಲಿಂದ ತಿರುಗುತ್ತೆ?"

ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಾನು ಮಾತ್ರ ಅನ್ನ ಕಲೆಸುತ್ತಾ, ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ಒಳಗೊಳಗೇ ಬೆವರುತ್ತಿದ್ದೆ.

ನಿಂತದ್ದು ಒಂದು ಶುಕ್ರವಾರ. ಅವಳು, "ಸ್ವಾಮಿಗಳು ತೋರಿಸಿದ ಕಡೆ ಮುದ್ರೆ ಒತ್ತೋರು ನೀವು, ನಮಗೆ ಬುದ್ಧಿ ಹೇಳ್ತೀರಾ?" ಎಂದಳು. ಅವನಿಗೆ ಚುರುಕ್ಕೆಂದಿತು. "ನಿಮ್ಮ ಮಾವ ಆ ಪಕ್ಷದ ಬಾವುಟ ಕಟ್ಟೋದ್ಯಾಕೆ ಅಂತ ಗೊತ್ತಿಲ್ವಾ? ಜಮೀನಿಗೆ ಪರಿಹಾರ ಜಾಸ್ತಿ ಗಿಟ್ಟಲಿ ಅಂತ ತಾನೆ?" ಎಂದುಬಿಟ್ಟ. ಅವಳು ಅರ್ಧ ಉಂಡಿದ್ದ ಡಬ್ಬಿಗೆ ಮುಚ್ಚಳ ಹಾಕಿ, ಎದ್ದು, ಕೈತೊಳೆದು ಕೆಳಗಿಳಿದಳು. 

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. 'ಅವರ ಮನೆಯವರ ವಿಷಯ ಎತ್ತಿದ್ದು ತಪ್ಪಪ್ಪ, ಹೋಗಿ ಹೇಳು' ಅಂತ. ಅಷ್ಟು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಹೇಳಲಿಲ್ಲ. ಬದಲಿಗೆ ಒಂದು ಬೋರ್ಡು ಮಾಡಿದೆ.

ನಾನು ಭಾನುವಾರ ಕಾಫಿಗೆ ಹೋಗುತ್ತಿದ್ದ ಹಳೆಯ ಹೋಟೆಲಿನ ಗೋಡೆಯ ಮೇಲೆ 'ಕೈ ತೊಳೆಯುವಲ್ಲಿ ತಲೆ ಬಾಚಬಾರದು' ಎಂಬುದರ ಕೆಳಗೆ 'ರಾಜಕೀಯ ಮಾತನಾಡಬಾರದು' ಎಂದು ಬರೆದಿದ್ದರು. ಅಲ್ಲಿ ಜನ ಎಷ್ಟು ಸದ್ದಿಲ್ಲದೆ ಇಡ್ಲಿ ತಿನ್ನುತ್ತಾರೆ ಎಂದು ಮೆಚ್ಚಿಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಅದೇ ಎರಡನೆಯ ಸಾಲನ್ನು ನಮ್ಮ ಪ್ರಿಂಟರಿನಲ್ಲಿ ದಪ್ಪಕ್ಷರದಲ್ಲಿ ತೆಗೆದು ಕಾಫಿ ಫ್ಲಾಸ್ಕಿನ ಮೇಲೆ ಒಂದು, ಟೆರೇಸಿನ ಬಾಗಿಲಿಗೆ ಒಂದು ಅಂಟಿಸಿದೆ. ಕೆಳಗೆ ನನ್ನ ರುಜು ಬೇರೆ.

ಬೋರ್ಡು ಭರ್ಜರಿಯಾಗಿ ಕೆಲಸ ಮಾಡಿತು. ಟೆರೇಸಿನಲ್ಲಿ ಈಗ ಉಪ್ಪಿನಕಾಯಿ, ಪವರ್ ಕಟ್ಟು, ಮಕ್ಕಳ ನೆಗಡಿ ಇಷ್ಟೇ ಮಾತು. ಅಗ್ರಹಾರದವನು ಒಂದು ಮೂಲೆ, ಮಂಡಕಳ್ಳಿಯವಳು ಇನ್ನೊಂದು ಮೂಲೆ. ಒಬ್ಬರಿಗೊಬ್ಬರು ಮಾತಿಲ್ಲ. ಕೆಳಗಿನ ಓನರ್ ಮೆಟ್ಟಿಲ ಮೇಲೆ ಸಿಕ್ಕಿ, "ಈಗ ಮಹಡಿ ಮೇಲೆ ಜನ ಇದಾರಾ ಇಲ್ವಾ ಅಂತಲೇ ಗೊತ್ತಾಗಲ್ಲ ಸಾರ್" ಎಂದಾಗ ನಾನು ಉಬ್ಬಿಹೋದೆ. ಬೂದಿ ಮುಚ್ಚಿದ ಕೆಂಡದ ಮೇಲೆ ಕೂತು ತಂಪಾಗಿದೆ ಎಂದು ಬೀಗಿದ ಜಾಣ ನಾನು.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಆಸ್ಪತ್ರೆಯ ಪ್ರೋಗ್ರಾಂ ಪರೀಕ್ಷಿಸಬೇಕಾದರೆ ರೋಗಿಗಳು ಬೇಕು. ನಿಜವಾದ ರೋಗಿಗಳ ವಿವರ ಯಾರೂ ಕೊಡುವುದಿಲ್ಲ. ಆದ್ದರಿಂದ ನಾವೇ ಕಲ್ಪಿಸಿಕೊಂಡು ತುಂಬುತ್ತಿದ್ದೆವು. ಮೊದಲೆಲ್ಲ ಚಿಕ್ಕಪ್ಪ ಚಿಕ್ಕಮ್ಮಂದಿರ ಹೆಸರು, ಸಿನಿಮಾ ನಟರ ಹೆಸರು, ಕೆಳಗಿನ ಓನರ್ ಹೆಸರೂ ಹೊಟ್ಟೆನೋವಿನಿಂದ ಎರಡು ಸಲ ದಾಖಲಾಗಿತ್ತು. ಯಾವ ರೋಗಿಯನ್ನು ಯಾರು ಸೇರಿಸಿದರು ಎಂಬುದು ಪಕ್ಕದಲ್ಲೇ ದಾಖಲಾಗುತ್ತಿತ್ತು. ತಪ್ಪು ಸಿಕ್ಕಿದರೆ ಅವಳು ಒಂದು ಹಾಳೆಯಲ್ಲಿ ಬರೆದು ಅವನ ಮೇಜಿನ ಮೇಲಿಡಬೇಕು, ಅವನು ಉತ್ತರ ಬರೆಯಬೇಕು, ವಾರಕ್ಕೊಮ್ಮೆ ನಾನು ಎಲ್ಲ ಹಾಳೆ ಓದಿ ರುಜು ಹಾಕಬೇಕು. ರುಜು ತಪ್ಪದೆ ಹಾಕುತ್ತಿದ್ದೆ. ಓದುವುದು ಆಗೀಗ ತಪ್ಪುತ್ತಿತ್ತು.

ಬಾಯಿಗೆ ಬೀಗ ಬಿದ್ದ ಮೇಲೆ ಚುನಾವಣೆ ನೇರವಾಗಿ ನಮ್ಮ ಆಸ್ಪತ್ರೆಗೇ ದಾಖಲಾಯಿತು. ಇದು ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾರದೋ ಕಂಪ್ಯೂಟರಿನ ಮುಂದೆ ನಾಲ್ಕು ಜನ ಸೇರಿ ಕಿಸಕ್ಕೆನ್ನುವುದು, ನಾನು ಹತ್ತಿರ ಬಂದರೆ ಚದುರುವುದು ಕಂಡಿದ್ದೆ. ಏನು ಎಂದು ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಏನಾದರೂ ಮಾಡಬೇಕಾಗುತ್ತದೆ. ಅದಕ್ಕೇ ಕೇಳಲಿಲ್ಲ.

ಆಸ್ಪತ್ರೆಯವರಿಗೆ ಪ್ರೋಗ್ರಾಂ ತೋರಿಸುವ ದಿನ ಗೊತ್ತಾಯಿತು. ಹಿಂದಿನ ಶನಿವಾರ ಅವರಿಬ್ಬರೂ ಹೊರಟ ಮೇಲೆ ನಾನು ಒಬ್ಬನೇ ಕೂತು, ತೋರಿಸಲು ಒಯ್ಯುವ ಕಂಪ್ಯೂಟರಿಗೆ ಎಲ್ಲವನ್ನೂ ಕಾಪಿ ಮಾಡಿದೆ. ಪದ್ಧತಿಯಂತೆ ರೋಗಿಗಳ ಪಟ್ಟಿ ಖಾಲಿಯಿರಬೇಕು. ಆದರೆ ಖಾಲಿ ವಾರ್ಡು ತೋರಿಸಿದರೆ ಏನು ಚೆಂದ? ಪರೀಕ್ಷೆಗೆಂದು ತುಂಬಿದ್ದ ನಾನೂರು ರೋಗಿಗಳು ಹೇಗೂ ಇದ್ದಾರಲ್ಲ, ವಾರ್ಡು ತುಂಬಿ ತುಳುಕುತ್ತಿದ್ದರೆ ಟ್ರಸ್ಟಿಗಳಿಗೆ ಖುಷಿಯಾದೀತು ಎಂದು ಅವರನ್ನೂ ಸೇರಿಸಿದೆ. ಒಂದು ಹೆಸರನ್ನೂ ತೆರೆದು ನೋಡಲಿಲ್ಲ. ಬೀಗ ಹಾಕಿ, ಮಕ್ಕಳಿಗೆ ಕಡಲೆಕಾಯಿ ಕಟ್ಟಿಸಿಕೊಂಡು ಮನೆಗೆ ಹೋದೆ.

ಸೋಮವಾರ ಆಸ್ಪತ್ರೆಯ ಸಭಾಕೋಣೆ. ಎದುರಿಗೆ ಮುಖ್ಯ ಡಾಕ್ಟರಮ್ಮ, ನೆರೆತ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಅವರ ಪಕ್ಕ ಹೆಡ್ ನರ್ಸು. ಆಮೇಲೆ ಮೂವರು ಟ್ರಸ್ಟಿಗಳು. ನನ್ನ ಪಕ್ಕದಲ್ಲಿ ಯಜಮಾನರು. ಹೊರರೋಗಿ ವಿಭಾಗ ತೋರಿಸಿದೆ, ಸಲೀಸಾಗಿ ಹೋಯಿತು. ಡಾಕ್ಟರಮ್ಮ ತಲೆಯಾಡಿಸುತ್ತಿದ್ದರು.

"ಎಲ್ಲಿ, ಹೆರಿಗೆ ವಾರ್ಡ್ ತೋರ್ಸಿ. ನಮ್ಗೆ ಮುಖ್ಯ ಅದೇ."

ಒತ್ತಿದೆ. ಹನ್ನೆರಡು ಮಂಚಗಳ ಪಟ್ಟಿ ಮೂಡಿತು. ನಾಲ್ಕನೇ ಮಂಚದಲ್ಲಿ ಅಗ್ರಹಾರದವನ ಪಕ್ಷದ, ಅಂದರೆ ನಮ್ಮ ಮನೆಯ ಓಟು ಬೀಳುವ ಪಕ್ಷದ, ರಾಜ್ಯದ ದೊಡ್ಡ ನಾಯಕರು ಮಲಗಿದ್ದರು. ಹೆಸರು ಇಲ್ಲಿ ಬೇಡ. ಅಲ್ಲಿ ಮಾತ್ರ ಇನಿಷಿಯಲ್ ಸಮೇತ ಇತ್ತು. ವಯಸ್ಸು ಅರವತ್ತೆಂಟು. ಗಂಡಸು. ತೊಂದರೆ ಎಂಬ ಜಾಗದಲ್ಲಿ: 'ಐದು ವರ್ಷದಿಂದ ನೋವು ತಿನ್ನುತ್ತಿದ್ದಾರೆ, ಹೆರಿಗೆ ಮಾತ್ರ ಆಗಿಲ್ಲ.' ಸಲಹೆ ಎಂಬ ಜಾಗದಲ್ಲಿ: 'ಮತದಾರರನ್ನು ಕೇಳಿ ನೋಡುವುದು.'

ಹೆಡ್ ನರ್ಸು ಸೆರಗನ್ನು ಬಾಯಿಗೆ ಅದುಮಿಕೊಂಡರು. ಮೂವರು ಟ್ರಸ್ಟಿಗಳಲ್ಲಿ ಒಬ್ಬರು ಅದೇ ಪಕ್ಷದ ಹಳೆಯ ಕಾರ್ಯಕರ್ತರು. ಅವರು ನಿಧಾನವಾಗಿ ಎದ್ದು ನಿಂತರು. "ಇದು ಯಾರ ಕೆಲಸ?" ಎಂದು ಕೇಳಿದರು. ನಾನು ಕೀಬೋರ್ಡ್ ತಡಕಾಡುತ್ತಿದ್ದೆ. ಅವರು ಇನ್ನೊಂದು ಮಾತಾಡದೆ ಬಾಗಿಲು ತೆಗೆದು ಹೊರನಡೆದರು. ಡಾಕ್ಟರಮ್ಮ ಮಾತ್ರ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಇನ್ನೂ ನೋಡುತ್ತಲೇ ಇದ್ದರು. ಯಜಮಾನರು ಕ್ಷಮೆ ಕೇಳಿ ಕಂಪ್ಯೂಟರ್ ಆರಿಸಿದರು.

ಹಿಂದಿರುಗುವಾಗ ಅವರ ಹಳೆಯ ಕಾರಿನಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತಿದ್ದೆ. ವಿಜಯನಗರದ ತಿರುವಿನಲ್ಲಿ ಅವರು ರಸ್ತೆಯನ್ನೇ ನೋಡುತ್ತಾ ಹೇಳಿದರು: "ಸಾಯಂಕಾಲದೊಳಗೆ ಒಂದು ಹೆಸರು ಕೊಡಿ. ಟೈಪ್ ಮಾಡಿದವರನ್ನ ಮನೆಗೆ ಕಳಿಸಿದ್ದೀವಿ ಅಂತ ಆ ಟ್ರಸ್ಟಿಗೆ ಹೇಳ್ತೀನಿ. ಇನ್ನು ಈ ಕೆಲಸ ಉಳಿಸಿಕೊಳ್ಳೋ ದಾರಿ ಅದೊಂದೇ."

ಮಹಡಿ ಹತ್ತುವ ಹೊತ್ತಿಗೆ ಸುದ್ದಿ ನಮಗಿಂತ ಮೊದಲೇ ಹತ್ತಿತ್ತು. ಯಜಮಾನರು ಎಲ್ಲರೆದುರಿಗೇ, "ಹೆಸರು, ಸಾಯಂಕಾಲದೊಳಗೆ" ಎಂದು ನನಗೆ ಇನ್ನೊಮ್ಮೆ ಹೇಳಿ ಕೋಣೆಗೆ ಹೋದರು. ಒಬ್ಬರೂ ತಲೆಯೆತ್ತಲಿಲ್ಲ. ನಾನು ನನ್ನ ಜಾಗದಲ್ಲಿ ಕೂತು ನಾಲ್ಕನೇ ಮಂಚದ ರೋಗಿಯನ್ನು ಯಾರು ಸೇರಿಸಿದ್ದು ಎಂದು ನೋಡಿದೆ. ಮಂಡಕಳ್ಳಿಯವಳ ಹೆಸರಿತ್ತು.

ನಿಜ ಹೇಳುತ್ತೇನೆ. ಅದನ್ನು ಕಂಡಾಗ ನನ್ನ ಎದೆ ಒಂದು ಚೂರು ಹಗುರಾಯಿತು. ಕೆಲಸ ಸುಲಭವಾಯಿತಲ್ಲ ಎಂದು. ಸಾಕ್ಷಿ ಇದೆ, ಹೆಸರು ಇದೆ, ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮುಗಿಯಿತು. ನಮ್ಮ ನಾಯಕರನ್ನೇ ಹೆರಿಗೆ ವಾರ್ಡಿಗೆ ಹಾಕಿದಳಲ್ಲ ಎಂಬ ಸಿಟ್ಟೂ ಅದರ ಜೊತೆ ಇತ್ತು. ಆ ಸಿಟ್ಟಿಗೂ ಆಫೀಸಿಗೂ ಸಂಬಂಧವಿಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಕುರ್ಚಿ ಮುಳ್ಳಾಯಿತು. ಇದೇ ಕೆಲಸವನ್ನು ಅಗ್ರಹಾರದವನು ಮಾಡಿ, ಅವಳ ಪಕ್ಷದವರು ಎದ್ದು ಹೋಗಿದ್ದರೆ ನಾನು ಇಷ್ಟು ಬೇಗ ಪೆನ್ನಿಗೆ ಕೈಹಾಕುತ್ತಿದ್ದೆನೇ?

ನಾನೂರು ರೋಗಿಗಳನ್ನೂ ಒಬ್ಬೊಬ್ಬರಾಗಿ ತೆರೆದು ನೋಡಿದೆ. ಶನಿವಾರ ಮಾಡಬೇಕಾಗಿದ್ದ ಕೆಲಸ. ರಾಜಕೀಯದವರು ನಲವತ್ತೊಂದು ಜನ ದಾಖಲಾಗಿದ್ದರು. ಅವಳು ಸೇರಿಸಿದ್ದು ಹತ್ತೊಂಬತ್ತು, ಅವನು ಸೇರಿಸಿದ್ದು ಇಪ್ಪತ್ತೆರಡು. ಅವಳ ಪಕ್ಷದ ನಾಯಕರೊಬ್ಬರಿಗೆ ಅವನು ಮೂರು ಸಲ ನೆನಪಿನ ಶಕ್ತಿಯ ಚಿಕಿತ್ಸೆ, ಇನ್ನೊಬ್ಬರಿಗೆ ಕಣ್ಣಿನ ಆಪರೇಷನ್ ಮಾಡಿಸಿದ್ದ. ಡಾಕ್ಟರಮ್ಮ ಕಣ್ಣಿನ ವಾರ್ಡು ತೋರಿಸಿ ಎಂದಿದ್ದರೆ ಸಿಕ್ಕಿಬೀಳುತ್ತಿದ್ದವನು ಅವನೇ.

ಆಮೇಲೆ ತಪ್ಪಿನ ಹಾಳೆಗಳ ಫೈಲು ತೆಗೆದೆ. ಮೂರು ವಾರದ ಹಿಂದಿನ ಹಾಳೆಯೊಂದರಲ್ಲಿ ಅವಳ ಅಚ್ಚುಕಟ್ಟಾದ ಅಕ್ಷರ: 'ಗಂಡಸರನ್ನು ಹೆರಿಗೆ ವಾರ್ಡಿಗೆ ಸೇರಿಸಿದರೂ ಪ್ರೋಗ್ರಾಂ ತಡೆಯುವುದಿಲ್ಲ. ಉದಾಹರಣೆಗೆ ನಾಲ್ಕನೇ ಮಂಚ ನೋಡಿ.' ಅದರ ಕೆಳಗೆ ಅವನ ಉತ್ತರ: 'ಇದು ರಾಜಕೀಯ. ತಪ್ಪಲ್ಲ.' ಅದರ ಕೆಳಗೆ ನನ್ನ ರುಜು, ತಾರೀಖು ಸಮೇತ.

ಅವಳು ಹೇಳಿದ್ದು ನಿಜವಾದ ತಪ್ಪು. ಆಸ್ಪತ್ರೆಯ ಪ್ರೋಗ್ರಾಮಿನಲ್ಲಿ ಇರಲೇಬಾರದ ತಪ್ಪು. ಹೇಳಿದ ರೀತಿ ಕುಚೋದ್ಯದ್ದು ಇರಬಹುದು. ಅವನು ಹೆಸರು ನೋಡಿ ಉರಿದು ತಪ್ಪನ್ನು ನೋಡಲಿಲ್ಲ. ನಾನು ಎರಡನ್ನೂ ನೋಡದೆ ರುಜು ಹಾಕಿದ್ದೆ. ಮಾತಾಡುತ್ತಿದ್ದ ಕಾಲದಲ್ಲಾಗಿದ್ದರೆ ಅವಳು ಕುರ್ಚಿಯಿಂದಲೇ, 'ರೀ, ಗಂಡಸ್ರು ಹೆರಿಗೆ ವಾರ್ಡಿಗೆ ಹೋಯ್ತಾವ್ರೆ ನೋಡ್ರೀ' ಎಂದು ಕೂಗುತ್ತಿದ್ದಳು, ಅವನು ಬೈದುಕೊಂಡೇ ಹತ್ತು ನಿಮಿಷದಲ್ಲಿ ಸರಿಮಾಡುತ್ತಿದ್ದ.

ಪಟ್ಟಿಯ ಕೊನೆಯಲ್ಲಿ, ಜನರಲ್ ವಾರ್ಡಿನ ಮೂಲೆಯ ಮಂಚದಲ್ಲಿ ಇನ್ನೊಬ್ಬ ರೋಗಿ ಇದ್ದ. ಹೆಸರಿನ ಜಾಗದಲ್ಲಿ 'ಟೀಮ್ ಲೀಡರ್' ಎಂದಷ್ಟೇ ಇತ್ತು. ತೊಂದರೆ: 'ಬೆನ್ನುಮೂಳೆ ಸಿಗುತ್ತಿಲ್ಲ.' ಸೇರಿಸಿದವನು ಅಗ್ರಹಾರದವನು. ಮರುದಿನ ಅದನ್ನು ತೆರೆದು ಸಲಹೆ ಸೇರಿಸಿದವಳು ಮಂಡಕಳ್ಳಿಯವಳು: 'ಬೋರ್ಡು ಬರೆದು ಬೆನ್ನಿಗೆ ಕಟ್ಟಿದರೆ ನೆಟ್ಟಗೆ ನಿಲ್ಲಬಹುದು.' ಒಂದೂವರೆ ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದಿದ್ದವರು ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದರು. ಮೊದಲು ನಗು ಬಂತು. ಆಮೇಲೆ ಕಿವಿ ಬಿಸಿಯಾಯಿತು. ಬೈದವರು ಸುಳ್ಳು ಹೇಳಿದ್ದರೆ ಅಷ್ಟು ಬಿಸಿಯಾಗುತ್ತಿರಲಿಲ್ಲ.

ನಾಲ್ಕು ಗಂಟೆಗೆ ಯಜಮಾನರ ಕೋಣೆಗೆ ಹೋದೆ. ಬಾಗಿಲು ಹಾಕಿಕೊಂಡೆ. ತಪ್ಪಿನ ಹಾಳೆ ಕೈಯಲ್ಲಿತ್ತು.

"ಹೆಸರು?" ಎಂದರು.

"ಕಾಪಿ ಮಾಡಿದ್ದು ನಾನು ಸಾರ್. ಖಾಲಿ ಪಟ್ಟಿ ಒಯ್ಯಬೇಕಾಗಿತ್ತು. ತುಂಬಿರಲಿ ಅಂತ ಒಯ್ದೆ. ಒಂದನ್ನೂ ತೆರೆದು ನೋಡ್ಲಿಲ್ಲ."

"ನಾನು ಕೇಳಿದ್ದು ಟೈಪ್ ಮಾಡಿದ್ದು ಯಾರು ಅಂತ."

"ಟೈಪ್ ಮಾಡಿದ್ದು ಆಫೀಸಿನೊಳಗಿನ ತಮಾಷೆ. ಹೊರಗೆ ಒಯ್ದಿದ್ದು ನಾನು. ಅವರು ಮಾತಾಡದ ಹಾಗೆ ಮಾಡಿದ್ದೂ ನಾನೇ. ಆ ಹೆಸರು ಕೊಡಲ್ಲ ಸಾರ್. ಕಳಿಸೋದಾದ್ರೆ ನನ್ನನ್ನೇ ಕಳಿಸಿ."

ಅಲ್ಲಿಯವರೆಗೆ ನನ್ನ ಜೀವಮಾನದಲ್ಲಿ ದೊಡ್ಡವರೊಬ್ಬರ ಎದುರು 'ಕೊಡಲ್ಲ' ಎಂಬ ಮಾತು ಆಡಿರಲಿಲ್ಲ. ತಪ್ಪಿನ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಅವಳ ಸಾಲು ಓದಿದರು, ಅವನ ಸಾಲು ಓದಿದರು, ನನ್ನ ರುಜುವನ್ನೂ ನೋಡಿದರು. ಮೂರು ಸಾಲಿಗೆ ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾನು ಮನೆ ಬಾಡಿಗೆ, ಮಕ್ಕಳ ಸ್ಕೂಲು ಎಲ್ಲವನ್ನೂ ಒಂದು ಸುತ್ತು ಹಾಕಿ ಬಂದೆ.

"ಇದು ನಿಜವಾದ ತಪ್ಪೇ ಅಲ್ವೇನ್ರೀ," ಎಂದರು. "ಇದನ್ನ ಹುಡುಕಿದವರನ್ನ ಮನೆಗೆ ಕಳಿಸಿದ್ರೆ ನಾಳೆ ತಪ್ಪು ಹುಡುಕೋರು ಯಾರು?" ಹೆಸರು ಅವರಿಗೆ ಗೊತ್ತಾಗಿಹೋಗಿತ್ತು, ಹಾಳೆಯ ಮೇಲೇ ಇತ್ತಲ್ಲ. ಕೊಡಲ್ಲ ಎಂದು ಶೂರನಂತೆ ಹೇಳಿ, ಹೆಸರಿದ್ದ ಹಾಳೆಯನ್ನೇ ಮುಂದಿಟ್ಟ ನನ್ನ ಬುದ್ಧಿವಂತಿಕೆಯನ್ನು ಅವರು ಎತ್ತಿ ಆಡಲಿಲ್ಲ. ಫೋನು ಎಳೆದುಕೊಂಡು ಡಾಕ್ಟರಮ್ಮನಿಗೆ ಮಾಡಿದರು.

ಆ ಕಡೆಯ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಹೆಸರು ಯಾರ್ದಾದ್ರೂ ಇರ್ಲಿ ಸ್ವಾಮಿ. ಗಂಡಸನ್ನ ಹೆರಿಗೆ ವಾರ್ಡಿಗೆ ಹಾಕೋ ಪ್ರೋಗ್ರಾಂ ನಂಗೆ ಬೇಡ. ಅದನ್ನ ಸರಿಮಾಡಿ, ಇಂಥವು ಇನ್ನೆಷ್ಟಿದೆ ಹುಡುಕಿ, ಬರೋ ಸೋಮವಾರ ತನ್ನಿ. ಟ್ರಸ್ಟಿ ಸಮಾಚಾರ ನಾನು ನೋಡ್ಕೋತೀನಿ. ಅವರ ಮನೆ ನಾಲ್ಕೂ ಹೆರಿಗೆ ಮಾಡಿಸಿದೋಳು ನಾನು."

ಯಜಮಾನರು ಫೋನಿಟ್ಟು, ಅಷ್ಟು ದಿನದಲ್ಲಿ ಮೊದಲ ಸಲ, ಕುರ್ಚಿಗೆ ಒರಗಿ ಕೂತರು. ನಾನು ಹೊರಗೆ ಬಂದು ಎರಡು ಲೋಟ ನೀರು ಕುಡಿದೆ. ಫ್ಲಾಸ್ಕಿನ ಮೇಲಿದ್ದ ಬೋರ್ಡನ್ನು ಕಿತ್ತೆ. ಟೆರೇಸಿನದನ್ನೂ ಕಿತ್ತೆ. ಅಗ್ರಹಾರದವನು ಅನುಮಾನದಿಂದ, "ಯಾರ ಹೆಸರು ಕೊಟ್ರಿ ಸಾರ್?" ಎಂದು ಕೇಳಿದ.

"ಯಾರದೂ ಇಲ್ಲ. ಒಂದು ವಾರ ಟೈಮ್ ಸಿಕ್ಕಿದೆ. ನೀವಿಬ್ಬರೂ ಒಂದೇ ಕಂಪ್ಯೂಟರ್ ಮುಂದೆ ಕೂತು ಎಲ್ಲಾ ವಾರ್ಡೂ ನೋಡ್ಬೇಕು. ಇನ್ನೊಂದು ವಿಷಯ. ಅವತ್ತು ಅವರ ಮಾವನವರ ಬಗ್ಗೆ ನೀವಾಡಿದ್ದು ತಪ್ಪು. ಅವತ್ತೇ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ಪಕ್ಷದ ಬಗ್ಗೆ ಏನ್ ಬೇಕಾದ್ರೂ ಕಿತ್ತಾಡಿ, ಗಟ್ಟಿಯಾಗೇ ಕಿತ್ತಾಡಿ. ಮನೆಯವರನ್ನ ಎಳೀಬೇಡಿ. ಕಂಪ್ಯೂಟರ್ ಒಳಗಂತೂ ಬೇಡವೇ ಬೇಡ."

ಅವನ ಮುಖ ಕೆಂಪಾಯಿತು. ತಿರುಗಿ ಏನೋ ಅನ್ನುತ್ತಾನೆ ಎಂದು ಕಾದೆ. ಅವನು ಕುರ್ಚಿ ಎಳೆದುಕೊಂಡು ಹೋಗಿ ಅವಳ ಮೇಜಿನ ಪಕ್ಕ ಹಾಕಿಕೊಂಡ. 

"ನಿಮ್ಮ ಮಾವನವರ ವಿಷಯ ಎತ್ತಬಾರದಿತ್ತು ಕಣ್ರೀ."

"ಎತ್ತಬಾರದಿತ್ತು," ಎಂದಳು ಅವಳು. "ನಾನೂ ಸ್ವಾಮಿಗಳ ಮಾತು ಎತ್ತಬಾರದಿತ್ತು. ಈಗ ಮಕ್ಕಳ ವಾರ್ಡ್ ತೆಗೀರಿ, ಅಲ್ಲಿ ಎಂಬತ್ತು ವರ್ಷದೋರು ತೊಟ್ಟಿಲಲ್ಲವ್ರೆ."

ಆ ವಾರ ನನಗೆ ಹಬ್ಬ. ಬೆಳಿಗ್ಗೆಯಿಂದ ಸಂಜೆವರೆಗೆ ಇಬ್ಬರೂ ಕಚ್ಚಾಡಿಕೊಂಡೇ ಇದ್ದರು. ಒಂದು ತಪ್ಪು ಸರಿಮಾಡುವುದು, ಒಂದು ರಸ್ತೆ ಯಾರ ಕಾಲದಲ್ಲಾಯಿತು ಎಂದು ಜಗಳ, ಇನ್ನೊಂದು ತಪ್ಪು. ಏರ್‌ಪೋರ್ಟು ದಿನಕ್ಕೆರಡು ಸಲ ಕಟ್ಟಿ ಕೆಡವಿದರು. ದನಿ ಏರಿದಾಗ ಹಳೆಯ ಅಭ್ಯಾಸಕ್ಕೆ ಕಣ್ಣು ಕಿಟಕಿಯತ್ತ ಹೋಗುತ್ತಿತ್ತು, ಆದರೂ ಎದ್ದು ಹೋಗುತ್ತಿರಲಿಲ್ಲ. ಗಂಡಸರನ್ನು ಹೆರಿಗೆ ವಾರ್ಡಿನಿಂದ ಹೊರಹಾಕಿದ್ದಲ್ಲದೆ ಇನ್ನೂ ಹದಿನಾಲ್ಕು ತಪ್ಪು ಸಿಕ್ಕವು. ನಲವತ್ತೊಂದು ನಾಯಕರನ್ನೂ ಡಿಸ್ಚಾರ್ಜ್ ಮಾಡಿದೆವು. ಪ್ರತಿ ಹಾಳೆಯನ್ನೂ ಓದಿ, ಅರ್ಥವಾಗದ್ದನ್ನು ಕೇಳಿ, ಆಮೇಲೆ ರುಜು ಹಾಕಿದೆ.

ಮುಂದಿನ ಸೋಮವಾರ ಖಾಲಿ ಪಟ್ಟಿಯ ಕಂಪ್ಯೂಟರನ್ನೇ ಒಯ್ದೆವು. ಡಾಕ್ಟರಮ್ಮ ತಾವೇ ಕೂತು, ಹೆರಿಗೆ ವಾರ್ಡಿಗೆ ಯಜಮಾನರ ಹೆಸರು ಹಾಕಿ ಸೇರಿಸಲು ನೋಡಿದರು. ಪ್ರೋಗ್ರಾಂ ಒಪ್ಪಲಿಲ್ಲ. ಮತ್ತೊಮ್ಮೆ ಹಾಕಿದರು, ಒಪ್ಪಲಿಲ್ಲ. ಎದ್ದು ಹೋಗಿದ್ದ ಟ್ರಸ್ಟಿ ಈ ಸಲ ಕೂತೇ ಇದ್ದರು, ಗಡ್ಡ ಕೆರೆದುಕೊಂಡು, "ಸರಿ, ಮುಂದಿನದು ತೋರಿಸಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಒಪ್ಪಿಗೆಯ ಕಾಗದ ಯಜಮಾನರ ಜೇಬಿನಲ್ಲಿತ್ತು. ಮಹಡಿಗೆ ಬೀಗ ಬೀಳುವುದಿಲ್ಲ ಎಂದು ಖಚಿತವಾದಾಗ ಆಸ್ಪತ್ರೆಯ ಮೆಟ್ಟಿಲ ಮೇಲೇ ಎರಡು ನಿಮಿಷ ಕೂತುಬಿಟ್ಟೆ.

ಆಫೀಸಿಗೆ ಬಂದು ಸುದ್ದಿ ಹೇಳಿದೆ. ಚಪ್ಪಾಳೆ, ಗದ್ದಲ. ಅಗ್ರಹಾರದವನು ಖಾರಾಬಾತು ತರುತ್ತೇನೆಂದು ಕೆಳಗೆ ಓಡಿದ. ಗದ್ದಲ ಇಳಿದ ಮೇಲೆ ನೋಡುತ್ತೇನೆ, ಮಂಡಕಳ್ಳಿಯವಳು ತನ್ನ ಮೇಜಿನ ಡ್ರಾಯರ್ ಎಳೆದು ನಿಂತಿದ್ದಾಳೆ. ಡ್ರಾಯರ್ ಬರಿದು. ಒಂದು ಪೆನ್ಸಿಲ್ಲೂ ಇಲ್ಲ. ಕಾಲಬಳಿ ಒಂದು ಬಟ್ಟೆಯ ಚೀಲ, ತುಂಬಿ ಉಬ್ಬಿತ್ತು.

"ಏನಮ್ಮ ಇದು?" ಎಂದೆ.

"ಹೋದ ಸೋಮವಾರ ಎಲ್ಲಾ ತುಂಬ್ಕಂಡ್ಬುಟ್ಟಿದ್ದೆ ಸಾರ್. ನೀವು ಯಜಮಾನರ ರೂಮಿಗೆ ಹೋದ್ರಲ್ಲ, ಆಗ. ನನ್ನ ಹೆಸರೇ ಕೊಡ್ತೀರಿ ಅಂತ. ಕೊಡ್ಲಿಲ್ಲ ಅಂತ ಗೊತ್ತಾದ್ಮೇಲೂ ಧೈರ್ಯ ಬರ್ಲಿಲ್ಲ. ಇವತ್ತು ಏನಾಗ್ತದೋ ನೋಡ್ಕಂಡು ಆಮೇಲೆ ಇಟ್ರಾಯ್ತು ಅಂತ ದಿನಾ ಚೀಲ ಹೊತ್ಕಂಡೇ ಬಂದೆ."

"ನಿಮ್ಮ ಹೆಸರೇ ಯಾಕೆ ಕೊಡ್ತೀನಿ ಅಂದ್ಕೊಂಡ್ರಿ? ಅವರೂ ಬರೆದಿದ್ರಲ್ಲ."

ಅವಳು ಬರಿದಾದ ಡ್ರಾಯರನ್ನು ಒಳಗೆ ನೂಕಿ ಮತ್ತೆ ಎಳೆದಳು. ಬೇಸರ ಮಾಡಬಾರದು ಎಂದು ಮಾತು ಹುಡುಕುತ್ತಿದ್ದಳು ಎಂದು ಈಗ ಅನಿಸುತ್ತದೆ.

"ನೀವು ಯಾವ ಕಡೆಯೋರು ಅಂತ ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಸಾರ್. ಊಟಕ್ಕೆ ಕೂತಾಗ ಅವರು ಮಾತಾಡಿದ್ರೆ ನೀವು ತಲೆ ಎತ್ತಿ ಕೇಳ್ತಿದ್ರಿ. ನಾನು ಮಾತಾಡಿದ್ರೆ ಡಬ್ಬಿ ನೋಡ್ಕಂಡು ಅನ್ನ ಕಲೆಸ್ತಿದ್ರಿ."

  ಅವಳು ಏನನ್ನೂ ದೂರುವಂತೆ ಹೇಳಿರಲಿಲ್ಲ, ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವಂತೆ ಹೇಳಿದ್ದಳು. ಪೆನ್ನು ಕೈಗೆತ್ತಿಕೊಂಡಿದ್ದ ಆ ಮಧ್ಯಾಹ್ನ ನೆನಪಾಗಿ, ಕೂದಲೆಳೆಯಲ್ಲಿ ಪಾರಾದೆ ಎನಿಸಿತು. ಕೆಲಸ ಉಳಿದದ್ದಕ್ಕೆ ಆದ ನೆಮ್ಮದಿಗಿಂತ ಇದು ದೊಡ್ಡದು. ಅವಳು ನನ್ನ ಬಗ್ಗೆ ತಿಳಿದಿದ್ದೆಲ್ಲ ಸರಿಯಾಗಿತ್ತು, ಕೊನೆಯ ಒಂದು ಲೆಕ್ಕ ಮಾತ್ರ ತಪ್ಪಿತ್ತು.

ಅವಳು ಚೀಲ ಬಿಚ್ಚಿದಳು. ಮಗನ ಫೋಟೊ, ಸ್ಟೀಲಿನ ಲೋಟ, ಬಾಚಣಿಗೆ, ಮಡಿಸಿದ ಒಂದು ಸ್ವೆಟರು, ಇನ್ನೂ ಬರೆಯದ ತಪ್ಪಿನ ಹಾಳೆಗಳ ಕಟ್ಟು. ಒಂದೊಂದಾಗಿ ಡ್ರಾಯರಿಗೆ ಜೋಡಿಸತೊಡಗಿದಳು. ಜೋಡಿಸುತ್ತಲೇ ಮಂಡಕಳ್ಳಿಯಲ್ಲಿ ಶನಿವಾರ ಸರ್ವೆಯವರು ಬಂದಿದ್ದರೆಂದೂ, ಮಾವ ಅವರನ್ನು ಹೊಲದ ಬದುವಿನಲ್ಲೇ ನಿಲ್ಲಿಸಿ ಯಾರನ್ನು ಕೇಳಿ ಬಂದಿರಿ ಎಂದು ಕೇಳಿದರೆಂದೂ ಹೇಳತೊಡಗಿದಳು. ನಾನು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತೆ, ತಲೆಯೆತ್ತಿ ಅವಳನ್ನೇ ನೋಡುತ್ತಾ ಕೇಳಿದೆ.